ನಮ್ಮ ತಳಘರಕ್ಕೆ ಇಳಿದ ಸೈನ್ಸ್ ಬಾಯಿ

ಅವರ ಬಲಗಡೆಯ ಹುಬ್ಬು ಅರ್ಧವೇ ಇತ್ತು. ಮೂಗಿನ ಕಡೆಯಿಂದ ದಟ್ಟವಾಗಿ ಹೊರಟದ್ದು ನಡುವೆಯೇ ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದೆ ಬರೀ ನುಣುಪಾದ, ಹೊಳೆಯುವ ಚರ್ಮ. ಶಾಲೆಯ ಪ್ರಯೋಗದ ಕೋಣೆಯಲ್ಲಿ ಸ್ಪಿರಿಟ್ ದೀಪ ಭಗ್ಗೆಂದಾಗ ಒಬ್ಬ ಹುಡುಗಿಯನ್ನು ಹಿಂದಕ್ಕೆ ದಬ್ಬಿ ತಾವು ಮುಂದೆ ನಿಂತದ್ದರ ಗುರುತು ಅದು.

'ಬಾಯಿ, ಉಳದ ಅರ್ಧಾ ಹುಬ್ಬು ಸಾಲ್ಯಾಗ ಮರತು ಬಂದೀರೇನ್ರಿ?' ಎಂದು ನಾನು ಕೇಳುತ್ತಿದ್ದೆ.

'ಹೌದಪಾ. ಹುಡುಕ್ಲಿಕ್ಕೆ ಹೋಗಿದ್ದೆ, ನಿನ್ನ ಬುದ್ಧೀನೂ ಅಲ್ಲೇ ಬಿದ್ದಿತ್ತು' ಅನ್ನುತ್ತಿದ್ದರು.

ನಮ್ಮ ಸೋಲಾಪುರದಲ್ಲಿ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು 'ಬಾಯಿ' ಅನ್ನುವುದು ರೂಢಿ. ಇವರು ಹುಡುಗಿಯರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದುದರಿಂದ ಓಣಿಗೆಲ್ಲ ಸೈನ್ಸ್ ಬಾಯಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ನಮ್ಮ ಮನೆಯ ಎದುರಿನ ಮಾಳಿಗೆಯ ಮೇಲೆ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದರು. ಮನೆಪಾಠ ಹೇಳಿ ನನ್ನಂಥವನನ್ನು ಮ್ಯಾಟ್ರಿಕ್ ದಾಟಿಸಿದವರು ಅಂದರೆ ಅವರ ಯೋಗ್ಯತೆ ತಿಳಿಯಿರಿ.

ಯಾರು ಏನೇ ಸುದ್ದಿ ತಂದರೂ ಅವರದು ಒಂದೇ ಪ್ರಶ್ನೆ: 'ನೋಡೀಯೋ, ಕೇಳೀಯೋ?' ಕೇಳಿದ್ದು ಎಂದರೆ ಮುಖ ತಿರುಗಿಸಿ ತಮ್ಮ ಕೆಲಸಕ್ಕೆ ಹತ್ತುತ್ತಿದ್ದರು. ಇಂಥವರ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಸಣ್ಣ ಕೆಲಸವಲ್ಲ. ನಾನು ಹತ್ತರಲ್ಲಿ ಒಂದನ್ನಾದರೂ ದಕ್ಕಿಸಿಕೊಳ್ಳುತ್ತಿದ್ದೆ. ಆ ಕಾಲದಲ್ಲಿ ಚಾದರದ ವ್ಯಾಪಾರಿಗಳ ಮಕ್ಕಳಲ್ಲಿ ನನ್ನಷ್ಟು ಖೋಡಿ ಇನ್ನೊಬ್ಬನಿರಲಿಲ್ಲ ಎಂದು ನಾನು ಹೇಳುವುದಲ್ಲ, ಪೇಟೆಯೇ ಹೇಳುತ್ತಿತ್ತು. ಅಕ್ಕನ ಮದುವೆಯಲ್ಲಿ ಅಕ್ಕಲಕೋಟೆಯ ಬೀಗರು ಕೂಡುವ ಗಾದಿಗೆ ನಸುಗುನ್ನಿ ಪುಡಿ ಉದುರಿಸಿದವನು ನಾನೇ. ಬೀಗರು ಅಕ್ಷತೆ ಹಾಕುವುದನ್ನು ಬಿಟ್ಟು ಎರಡೂ ಕೈಯಿಂದ ಕೆರೆದುಕೊಂಡದ್ದನ್ನು ಕಂಡವರು ಜನ್ಮಕ್ಕೆ ಮರೆತಿಲ್ಲ.

ಆದ್ದರಿಂದಲೇ, ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ನಮ್ಮ ತಳಘರ ನಾರತೊಡಗಿದಾಗ ಎಲ್ಲರೂ ನನ್ನ ಕಡೆ ನೋಡಿದರು.

ಸೋಲಾಪುರದ ಬಿಸಿಲು ಕಂಡವರಿಗೆ ತಳಘರದ ಬೆಲೆ ಗೊತ್ತು. ಅಂಗಡಿಯ ಹಿಂದಿನ ಕಲ್ಲಿನ ಮೆಟ್ಟಿಲು ಇಳಿದರೆ ನೆಲದಡಿಯ ಆ ಕೋಣೆ. ಮಧ್ಯಾಹ್ನ ಮನೆಮಂದಿಯೆಲ್ಲ ಅಲ್ಲೇ ಕಲ್ಲುಹಾಸಿನ ಫರಸಿಯ ಮೇಲೆ ಮೈ ಚೆಲ್ಲುತ್ತಿದ್ದರು. ಆ ವರ್ಷ ಅಕ್ಕ ಹೆರಿಗೆಗೆ ಬಂದಿದ್ದಳು. ಗಂಡು ಕೂಸು. ತಂಪಿರಲಿ, ಗಾಳಿಯೂ ತಗಲದಿರಲಿ ಎಂದು ಅವ್ವ ಬಾಣಂತಿಯ ಹೊರಸನ್ನು ತಳಘರದಲ್ಲೇ ಹಾಕಿಸಿದಳು. ಇದ್ದೊಂದು ಕಿಂಡಿಗೂ ಗೋಣಿತಟ್ಟು ತುರುಕಿದ್ದಳು. ಕೆಲವೇ ದಿನಗಳಲ್ಲಿ ಅಲ್ಲಿ ರಾಕೆಲ್ ಎಣ್ಣೆಯಂಥ, ಅಂದರೆ ಸೀಮೆಎಣ್ಣೆಯಂಥ ವಾಸನೆ. ಅಕ್ಕನಿಗೆ ತಲೆಶೂಲೆ, ಕಣ್ಣಿಗೆ ಕತ್ತಲೆ. ಕೂಸು ಹಾಲು ಕುಡಿಯದು, ಅಕ್ಕ ಅದನ್ನು ಬಟ್ಟಲಿಗೆ ಹಿಂಡಿ ಚೆಲ್ಲಿಸುತ್ತಿದ್ದಳು. ಕೂಸು ಅಳುವುದೂ ಕಡಿಮೆ. ಎತ್ತಿಕೊಂಡರೆ ಒದ್ದೆ ಬಟ್ಟೆಯ ಹಾಗೆ ಕೈಯಲ್ಲಿ ಜೋಲುತ್ತಿತ್ತು. ಬಾಣಂತಿಯ ನಿಶ್ಶಕ್ತಿ ಎಂದಳು ಅವ್ವ. ವಾಸನೆ ಹೋಗಲೆಂದು ಹೊರಸಿನ ಪಕ್ಕದ ಶೇಗಡಿಯ, ಅಂದರೆ ಅಗ್ಗಿಷ್ಟಿಕೆಯ, ಕೆಂಡಕ್ಕೆ ಇನ್ನಷ್ಟು ಲೋಬಾನ ಹಾಕಿದಳು.

'ಎಲ್ಲೆಲ್ಲಿ ರಾಕೆಲ್ ಸುರುವೀಯೋ ಮಂಗ್ಯಾ?' ಅಪ್ಪ ಚಾದರ ಅಳೆಯುವ ಗಜವನ್ನೇ ಎತ್ತಿದ.

'ಯಪ್ಪಾ, ಈ ಸಲ ನಾ ಅಲ್ಲ!'

'ಪ್ರತಿ ಸಲಾನೂ ಇದನ್ನ ಅಂತೀ.'

ಅದು ನಿಜ. ಓಡಿಹೋಗಿ ಎದುರಿನ ಮಾಳಿಗೆ ಹತ್ತಿದೆ. ಬಾಯಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ನಾನು ಹೇಳಿದ್ದೆಲ್ಲ ಕೇಳಿ, ಎಂದಿನಂತೆ 'ನೋಡೀಯೋ, ಕೇಳೀಯೋ?' ಅನ್ನಲಿಲ್ಲ. 'ಕೆಂಡ ಅದ ಏನು ಅಲ್ಲಿ?' ಎಂದಷ್ಟೇ ಕೇಳಿ ಎದ್ದರು.

ಬಂದವರೇ ಶೇಗಡಿಯನ್ನು ಹೊರಗಿಡಿಸಿದರು. 'ವೈನಿ, ಮದಲ ತಾಯಿ-ಕೂಸಿನ್ನ ಮ್ಯಾಲ ಒಯ್ರಿ.'

'ಬಾಯಾರ, ಹಸೀ ಬಾಣಂತಿ. ಗಾಳಿ ತಗಲಿದ್ರ ಹೆಂಗ್ರಿ?' ಅವ್ವ ಬಾಗಿಲಿಗೆ ಅಡ್ಡ ನಿಂತಳು.

'ಗಾಳಿ ತಗಲಿದ್ರ ನೆಗಡಿ ಬರ್ತದ. ಇಲ್ಲಿ ಇಟ್ರ ಏನು ಬರ್ತದ ಅಂತ ತೋರಸ್ತೀನಿ. ಒಂದು ದಿನ ಕೊಡ್ರಿ, ಒಂದಿಷ್ಟು ತಂಬಿಗಿ ಕೊಡ್ರಿ.'

ಫರಸಿಕಲ್ಲುಗಳ ನಡುವೆ ಸಂದಿ ಬಿಟ್ಟಲ್ಲೆಲ್ಲ ಒಂದೊಂದು ಹಿತ್ತಾಳೆಯ ತಂಬಿಗೆಯನ್ನು ಬೋರಲು ಹಾಕಿದರು. ಸುತ್ತ ಗಾಳಿ ಆಡದಂತೆ ನಾದಿದ ಹಿಟ್ಟು ಮೆತ್ತಿದರು. ಒಂದನ್ನು ಮಾತ್ರ ಸಂದಿಯಿಲ್ಲದ ಅಖಂಡ ಕಲ್ಲಿನ ಮೇಲಿಟ್ಟರು. 'ಮಡೀ ತಂಬಿಗಿ ಎಲ್ಲಾ ಹಾಳಾದ್ವು' ಎಂದು ಅವ್ವ ಗೊಣಗಿದಳು. ಮರುದಿನ ಒಂದೊಂದರ ಬಾಯಿಗೂ ತಾಟು ಜಾರಿಸಿ, ಮುಚ್ಚಿಕೊಂಡೇ ಅಂಗಳಕ್ಕೆ ತಂದರು. ಎಲ್ಲರನ್ನೂ ದೂರ ನಿಲ್ಲಿಸಿ, ಉದ್ದನೆಯ ಕೋಲಿನ ತುದಿಗೆ ಬತ್ತಿ ಕಟ್ಟಿ ಹಚ್ಚಿದರು. ಅಖಂಡ ಕಲ್ಲಿನ ತಂಬಿಗೆಗೆ ಹಿಡಿದರು, ಏನೂ ಆಗಲಿಲ್ಲ. ಸಂದಿಯ ತಂಬಿಗೆಗೆ ಹಿಡಿದರು. ಭುಸ್ಸೆಂದು ನೀಲಿ ಉರಿ ಎದ್ದಿತು. ಮೊಮ್ಮಗನ ತಲೆಯ ಹತ್ತಿರ ಅವ್ವ ಕೆಂಡವಿಟ್ಟಿದ್ದಳು.

'ಈ ಮಂಗ್ಯಾ ಸುರುವಿದ್ರ ಕಲ್ಲಿನ ಮ್ಯಾಲ ಇರತಿತ್ತು ಸಾವಕಾರ್ರ. ಇದು ಕೆಳಗಿಂದ ಬರಾಕತ್ತೇದ.'

ಹುಡುಕುತ್ತ ಹೋದರೆ ಮೂಲ ಹಿಂದಿನ ಬೀದಿಯ ಪೆಟ್ರೋಲ್ ಪಂಪು. ನೆಲದಲ್ಲಿ ಹೂತ ಅದರ ಟಾಕಿ ಸೋರಿ, ಪೆಟ್ರೋಲು ಅಂತರ್ಜಲಕ್ಕೆ ಸೇರಿ, ಓಣಿಯ ಬಾವಿಗಳ ನೀರಿನ ಮೇಲೆ ತೇಲುತ್ತಿತ್ತು. ನಮ್ಮ ಹಿತ್ತಲ ಬಾವಿ ಮಳೆಗಾಲದಿಂದಲೇ ವಾಸನೆ ಹೊಡೆಯುತ್ತಿದ್ದುದರಿಂದ, ಯಾರೂ ಅರಿಯದೆ ಕುಡಿಯದಿರಲಿ ಎಂದು ಅಪ್ಪ ಚಪ್ಪಡಿ ಎಳೆಸಿ, ಸಿಮೆಂಟು ಬಳಿಸಿ, ಮೇಲೊಂದು ತುಳಸಿಯ ಕುಂಡವನ್ನೂ ಇಡಿಸಿದ್ದ. ಬಾಯಿ ಆ ಚಪ್ಪಡಿಯನ್ನು ಬಹಳ ಹೊತ್ತು ನೋಡಿದರು.

'ಪುಣ್ಯಾದ ಕೆಲಸನ ಮಾಡೀರಿ. ಆದ್ರ ಆ ಹೊಲಸು ಗಾಳಿ ಇಲ್ಲಿಂದ ಮ್ಯಾಲ ಹೋಗತಿತ್ತು. ಈ ದಾರಿ ಮುಚ್ಚಿದ್ರಿ, ಅದು ನಿಮ್ಮ ತಳಘರದ ದಾರಿ ಹಿಡೀತು.'

ಅಪ್ಪ ತುಳಸಿಯ ಕುಂಡವನ್ನು ತಾನೇ ಎತ್ತಿ ಪಕ್ಕಕ್ಕಿಟ್ಟ.

ಚಪ್ಪಡಿ ತೆಗೆಸಿ ಬಾವಿಗೆ ಜಾಳಿಗೆ ಹಾಕಿಸಿದರು. ಸಂದಿಗಳಿಗೆ ಡಾಂಬರು ಬಿತ್ತು. ತಳಘರದ ಫರಸಿ ಒಂದೆಡೆ ಒಡೆದು, ಅಡಿಯಲ್ಲಿ ಖಡಿ ಜಲ್ಲಿ ತುಂಬಿ, ಅಲ್ಲಿಂದ ಮಾಳಿಗೆಯ ಮೇಲಿನವರೆಗೆ ಒಂದು ಕಬ್ಬಿಣದ ಕೊಳವೆ ನಿಲ್ಲಿಸಿದರು. ಕೊಳವೆಗೆ ಕರೀ ಬಣ್ಣ ಹಚ್ಚುವ ಕೆಲಸ ನನ್ನದು. ಯಾಕೆ ಕರೀ ಎಂದರೆ, 'ಬಿಸಲಿಗೆ ಕಾದು ಒಳಗಿನ ಗಾಳಿ ಮ್ಯಾಲ ಏರತದ, ಕೆಳಗಿಂದು ಎಳಕೋತದ. ಸೋಲಾಪುರದ ಬಿಸಲಿಗೆ ಒಂದರೆ ಉದ್ಯೋಗ ಹಚ್ಚೂಣು' ಅಂದರು. ಪಂಪಿನವನು ಮಾತ್ರ ಮರಾಠಿಯಲ್ಲಿ 'ಆಮಚೀ ಟಾಕೀ ಪಕ್ಕೀ ಆಹೆ', ನಮ್ಮ ಟಾಕಿ ಗಟ್ಟಿಯಿದೆ, ಎಂದು ಕೈ ಝಾಡಿಸಿದ. ಬಾಯಿ ಅವನ ಮುಂದೆಯೇ ನಮ್ಮ ಬಾವಿಯ ನೀರಿನ ಬಾಟಲಿ ಇಟ್ಟು, 'ಹಂಗಾದ್ರ ಇದನ್ನ ಕುಡದು ತೋರಸ್ರಿ' ಅಂದರು. ಟಾಕಿ ಅಗೆದು ತೆಗೆಸುವಷ್ಟರಲ್ಲಿ ಇನ್ನೊಂದು ಬೇಸಿಗೆ ಬಂದಿತ್ತು.

ಅದಕ್ಕೂ ಬಹಳ ಮೊದಲೇ ತಳಘರ ಶುದ್ಧವಾಗಿತ್ತು. ಕೂಸು ಮಾತ್ರ ಸುಧಾರಿಸಲಿಲ್ಲ. ಅಕ್ಕ ಅದನ್ನು ಎತ್ತಿಕೊಂಡು ಅಕ್ಕಲಕೋಟೆಗೆ ಹೋದಳು. ಅಲ್ಲಿ ಒಂದು ಮುಂಜಾನೆ ಅದು ಕಣ್ಣು ತೆರೆಯಲೇ ಇಲ್ಲ.

ಸುದ್ದಿಯ ಹಿಂದೆಯೇ ಇನ್ನೊಂದು ಸುದ್ದಿ ಬಂತು. ಅಕ್ಕನ ಅತ್ತೆ, ಇವಳ ಹಾಲೇ ಕೆಟ್ಟದ್ದು, ಇವಳ ಹಾಲು ಕುಡಿದ ಕೂಸು ಬದುಕುವುದಿಲ್ಲ ಅನ್ನುತ್ತಿದ್ದಾರೆ. ಮಗನಿಗೆ ಬೇರೆ ಹೆಣ್ಣು ನೋಡುವ ಮಾತು ನಡೆದಿದೆ. ಅಪ್ಪ ಹೋಗಿ ಕೈಮುಗಿದು ಬರಿಗೈಲಿ ಬಂದ. ಆಗ ಬಾಯಿ ಶಾಲೆಗೆ ರಜೆ ಹಾಕಿ ನನ್ನನ್ನು ಕರೆದುಕೊಂಡು ಎಸ್.ಟಿ. ಬಸ್ಸು ಹತ್ತಿದರು. ದಾರಿಯುದ್ದಕ್ಕೂ ನಾನು ಒಂದು ಜೋಕೂ ಹೇಳಲಿಲ್ಲ. ಆ ದಾರಿಯಲ್ಲಿ ನಾನು ಸುಮ್ಮನೆ ಕೂತದ್ದು ಅದೊಂದೇ ಸಲ.

ಅಕ್ಕ ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅತ್ತೆಯವರು ನಮಗೆ ನೀರನ್ನೂ ಕೇಳಲಿಲ್ಲ.

'ಹಾಲಿಂದ ಅಲ್ರಿ ಅವ್ವಾರ. ಆ ತಳಘರದ ಗಾಳಿಯಿಂದ' ಅಂದರು ಬಾಯಿ.

'ನೀವು ಹೆಂಗ ಹೇಳ್ತೀರಿ? ನೋಡೀರೇನು?'

ಬಾಯಿ ಒಂದು ಕ್ಷಣವೂ ತಡೆಯಲಿಲ್ಲ. 'ನೋಡೀನಿ. ಹುಡುಗೀ ಹಾಲು ಸಾಲಿಗೆ ಒಯ್ದು ಪರೀಕ್ಷಾ ಮಾಡೀನಿ. ಹಾಲಿನ್ಯಾಗ ಏನೂ ದೋಷ ಇಲ್ಲ. ಮೂವತ್ತು ಹುಡುಗ್ಯಾರು ಸಾಕ್ಷಿ ಅದಾರ, ಕರಸಲೇನು?'

ಗೋಡೆಯ ಕಡೆಗಿದ್ದ ಮುಖ ನಿಧಾನವಾಗಿ ಈಚೆ ತಿರುಗಿತು. ಅತ್ತೆಯವರು ಒಳಗೆ ಕೂಗಿ ಹೇಳಿದರು: 'ಬಾಯಾರಿಗೆ ನೀರು ತಗೊಂಡು ಬರ್ರಿ.'

ಸುಳ್ಳನ್ನು ಗುರುತಿಸುವುದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ? ತಿರುಗಿ ಬರುವಾಗ, ಕುಂಭಾರಿ ಊರು ದಾಟಿದ ಮೇಲೆ ಕೇಳಿದೆ: 'ಬಾಯಿ, ಹಾಲು ಯಾವಾಗ ಒಯ್ದಿದ್ರಿ?'

ಅವರು ಕಿಟಕಿಯ ಹೊರಗೆ ಒಣಗಿದ ಹೊಲಗಳನ್ನು ನೋಡುತ್ತಿದ್ದರು. 'ಒಯ್ದಿಲ್ಲ' ಅಂದರು. ಆಮೇಲೆ, 'ಕೂಸು ಯಾತಕ್ಕ ಹೋತು ಅಂತ ನನಗ ಗೊತ್ತಿಲ್ಲೋ. ಯಾರಿಗೂ ಗೊತ್ತಾಗೂದಿಲ್ಲ. ಗೊತ್ತಿಲ್ಲ ಅಂತ ಅಲ್ಲಿ ಹೇಳಿ ಬರಬೇಕಾಗಿತ್ತೇನು?' ಅಂದರು. ಬಸ್ಸಿನ ಟಿಕೀಟನ್ನು ಮಡಚಿ ಮಡಚಿ ಬಿಚ್ಚುತ್ತಿದ್ದರು. ಪಾಪ, ಸುಳ್ಳು ಹೇಳಿ ರೂಢಿಯಿರಲಿಲ್ಲ.

ಅಕ್ಕ ಅದೇ ಮನೆಯಲ್ಲಿ ಬಾಳಿದಳು. ಇನ್ನೆರಡು ಮಕ್ಕಳಾದವು, ಎರಡೂ ಉಳಿದವು. ಬಾಯಿ ನಿವೃತ್ತರಾದ ಮೇಲೂ ಅದೇ ಕೋಣೆಯಲ್ಲಿದ್ದು, ಒಂದು ಚಳಿಗಾಲದಲ್ಲಿ ತೀರಿಕೊಂಡರು. ಹತ್ತಿರದವರೆಂಬವರು ಯಾರೂ ಇರಲಿಲ್ಲ. ಸುದ್ದಿ ಮುಟ್ಟಿದ ಕೂಡಲೇ ಅಕ್ಕ ಬೆಳೆದ ಮಕ್ಕಳನ್ನು ಕಟ್ಟಿಕೊಂಡು ಬಂದು, ಅವರ ಪಾದಕ್ಕೆ ಮಕ್ಕಳ ಹಣೆ ಹಚ್ಚಿಸಿದಳು. ಅವಳು ಅವತ್ತು ಅತ್ತ ಹಾಗೆ ನಮ್ಮ ಅವ್ವ ತೀರಿಕೊಂಡಾಗಲೂ ಅತ್ತಿರಲಿಲ್ಲ.

ಈಗ ಅಕ್ಕನೂ ಇಲ್ಲ, ಅದಕ್ಕೇ ಇಷ್ಟನ್ನೂ ಬರೆಯಲು ಧೈರ್ಯ ಬಂತು. ಅವತ್ತು ಬಾಯಿಯನ್ನು ಮಣ್ಣಿಗಿಟ್ಟು ಮನೆಗೆ ಬಂದಾಗ, ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದ ನನ್ನ ಹತ್ತಿರ ಬಂದು ಅಕ್ಕ ಮೆಲ್ಲಗೆ ಕೇಳಿದ್ದಳು. 'ತಮ್ಮಾ, ಚೇಷ್ಟಿ ಬಿಟ್ಟು ಹೇಳು. ಬಾಯಿ ನನ್ನ ಹಾಲು ಪರೀಕ್ಷಾ ಮಾಡಿದ್ದು ಖರೇನ ಹೌದಲ್ಲೋ?'

ಇಷ್ಟು ವರ್ಷ ಅವಳು ಆ ಸಂಶಯವನ್ನು ಒಬ್ಬಳೇ ಹೊತ್ತುಕೊಂಡಿದ್ದಳು.

'ಹೌದಕ್ಕ' ಎಂದೆ. 'ನೀ ಬಟ್ಟಲದಾಗ ಹಿಂಡಿದ್ದನ್ನ ನಾನ ಒಯ್ದು ಕೊಟ್ಟಿದ್ದೆ.'