ಕಾಲಿಗೆ ನೀರು

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ನಮ್ಮ ಸಭೆಯವರು ಭಕ್ತರಾಗುವ ರೀತಿ ನೋಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮಟನ್ ಬಿಡುತ್ತಾರೆ, ಸರಿ. ಆದರೆ ಅದರ ಸೇಡನ್ನು ಶೇಂಗಾ ಹೋಳಿಗೆಯ ಮೇಲೆ ತೀರಿಸಿಕೊಳ್ಳುತ್ತಾರೆ. ಸಂಜೆ ಯಾರದಾದರೂ ಮನೆಯಲ್ಲಿ ಕೂತು ಕರ್ತ ಯೇಸುವಿನ ಕಷ್ಟಗಳನ್ನು ಓದುವುದು, ಆಮೆನ್ ಅಂದ ಕೂಡಲೇ ತಟ್ಟೆಗೆ ಕೈ ಹಾಕುವುದು, ಆ ಮನೆಯವರು ತುಪ್ಪ ಹಾಕುವಾಗ ಕೈ ಬಿಗಿ ಹಿಡಿದರೆಂದು ದಾರಿಯುದ್ದಕ್ಕೂ ಆಡಿಕೊಳ್ಳುವುದು. ಇದಕ್ಕೆ ನಾವು ಆತ್ಮಿಕ ಸಿದ್ಧತೆ ಎನ್ನುತ್ತೇವೆ.

ನಾವಿರುವುದೇ ಬೆರಳೆಣಿಕೆಯ ಮನೆಗಳು. ಸಿಂದಗಿಯಲ್ಲಿ ನಾವೊಂದಿಷ್ಟು ಜನ, ಇಂಡಿಯಲ್ಲಿ ಕೆಲವರು, ಮುದ್ದೇಬಿಹಾಳದಲ್ಲಿ, ಬಸವನ ಬಾಗೇವಾಡಿಯಲ್ಲಿ ಒಂದೆರಡು ಮನೆ. ಹಾಗಾಗಿ ಸತ್ಯವೇದ ಓದುವ ಈ ವೇದಪಾಠಕ್ಕೆ ಊರಿಂದೂರಿಗೆ ಕ್ರೂಸರ್ ಗಾಡಿ ಮಾಡಿಕೊಂಡು ಹೋಗಬೇಕು. ಗಾಡಿಯಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಜಗಳ, ಇಳಿದ ಮೇಲೆ ಕ್ಷಮೆಯ ಕುರಿತು ಪ್ರಾರ್ಥನೆ.

ಓದುವಾಗ ಪಾಲು ಹಂಚುವುದು ನಮ್ಮಲ್ಲಿ ಹಳೆಯ ರೂಢಿ. ಯೇಸುವಿನ ಮಾತು ಒಬ್ಬರಿಗೆ, ಅವನ ಶಿಷ್ಯ ಪೇತ್ರನ ಮಾತು ಒಬ್ಬರಿಗೆ. ಗುರುವಿಗೆ ದ್ರೋಹ ಬಗೆದ ಯೂದನ ಮಾತು ಯಾರಿಗೂ ಬೇಡ, ಅದನ್ನು ಆ ದಿನ ತಡವಾಗಿ ಬಂದವರ ಕೊರಳಿಗೆ ಕಟ್ಟುತ್ತಾರೆ. ಎದ್ದನು, ಹೋದನು, ಕೂತನು ಎಂಬ ನಡುವಿನ ಕಥೆ ನನಗೆ, ಯಾಕೆಂದರೆ ನಾನು ಶಾಲೆಯಲ್ಲಿ ಕಲಿಸುವವಳು, ಎಷ್ಟು ಓದಿದರೂ ಗಂಟಲು ಕಟ್ಟುವುದಿಲ್ಲ. ನಮ್ಮ ಸಭೆಗೆ ಒಬ್ಬರೇ ಹಿರಿಯರು, ಯೇಸುವಿನ ಮಾತು ಮಾತ್ರ ಅವರದು. ಅದಕ್ಕೆ ಬೇರೆಯವರು ಬಾಯಿ ಹಾಕುವಂತಿಲ್ಲ. ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳ ಮೇಲೆ ಹರಿಹಾಯುವ ಅದೇ ಬಾಯಿ, ಸತ್ಯವೇದ ತೆರೆದರೆ ಬೆಲ್ಲದ ಪಾಕ. ಆ ದನಿ ಕೇಳಿದಾಗಲೆಲ್ಲ ನನಗೆ ಎದ್ದು ಹೋಗಬೇಕೆನಿಸುತ್ತದೆ.

ಹಿರಿಯರು ತಾವೇ ಮಾಡಿದ ಒಂದು ಕಾನೂನೂ ಇದೆ. ಆ ವರ್ಷ ಯಾರ ಮನೆಯೊಳಗೆ ವೇದಪಾಠ ನಡೆದಿದೆಯೋ ಅವರಿಗೆ ಮಾತ್ರ ಈಸ್ಟರ್ ಬೆಳಿಗ್ಗೆ ಚರ್ಚಿನಲ್ಲಿ ರೊಟ್ಟಿ ಮುರಿದು ಹಂಚುವ ಪ್ರಭು ಭೋಜನದ ಕರೆ. ಮೊದಲು ಇದನ್ನು ಮಾಡಿದ್ದು ಸೋಮಾರಿಗಳಿಗೆ ಬಿಸಿ ಮುಟ್ಟಿಸಲು. ಆಮೇಲೆ ಬೇಡದವರನ್ನು ಹೊರಗಿಡಲು ಇದಕ್ಕಿಂತ ಅನುಕೂಲವಾದದ್ದು ಮತ್ತೊಂದಿಲ್ಲ ಎಂದು ಅವರಿಗೆ ಹೊಳೆಯಿತು.

ಬೇಡದವಳೆಂದರೆ ನನ್ನ ಅಕ್ಕ. ದೇವರ ಹಿಪ್ಪರಗಿಯ ಲಿಂಗಾಯತರ ಹುಡುಗನನ್ನು ಮೆಚ್ಚಿ ಮದುವೆಯಾದಳು. ಭಾವ ಬಸ್ ಡಿಪೋದಲ್ಲಿ ಕೆಲಸ ಮಾಡುತ್ತಾನೆ, ಯಾರ ದೇವರ ತಂಟೆಗೂ ಹೋಗುವವನಲ್ಲ. ಅಕ್ಕ ಯೇಸುವನ್ನು ಬಿಡಲಿಲ್ಲ. ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ ಪ್ರಾರ್ಥಿಸುವ ಹೊತ್ತಿಗೆ ಅವಳ ಅತ್ತೆ ಒಳಗಿನ ದೇವರ ಜಗಲಿಯ ಮುಂದೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಿರುತ್ತಾಳೆ. ಇಬ್ಬರಿಗೂ ಚಹಾ ಒಂದೇ ಪಾತ್ರೆಯಲ್ಲಿ. ಆದರೆ ನಮ್ಮ ಸಭೆಯ ವೇದಪಾಠ ಆ ಹೊಸ್ತಿಲು ದಾಟಲಿಲ್ಲ. ಪ್ರತಿ ಈಸ್ಟರ್‌ಗೂ ಅಕ್ಕ ಕೊನೆಯ ಬೆಂಚಿನಲ್ಲಿ ಕೂತು, ಉಳಿದವರು ರೊಟ್ಟಿ ಮುರಿಯುವುದನ್ನು ನೋಡಿ ಹಿಂದಿರುಗುತ್ತಿದ್ದಳು.

"ನನಗ ಬ್ಯಾರೆ ಏನೂ ಬ್ಯಾಡವ್ವಾ" ಅಂದಳು ನನಗೆ. "ಒಂದು ಸಂಜಿ ನಮ್ಮ ಮನಿಗೆ ಬರ್ರಿ ಅಂತ ಹೇಳು. ಆ ಪಂಕ್ತಿಯೊಳಗ ಒಂದು ಸಲ ಕುಂದ್ರಬೇಕು ಅನ್ನೂದು ನನ್ನ ಆಸೆ."

ಕಳೆದ ವರ್ಷ ನಾನು ಹಿರಿಯರ ಬೆನ್ನು ಬಿಡಲಿಲ್ಲ. ಅವರು ಕನ್ನಡಕ ಒರೆಸುತ್ತ, "ದೇವರು ಕಾಣದಂಗ ಜಗಲಿ ಮ್ಯಾಲ ಪಡದಿ ಎಳದ್ರ ಬರ್ತೇವಿ" ಅಂದರು. ಅಕ್ಕನಿಗೆ ತಿಳಿಸಿದೆ. "ಅತ್ತಿ ದೇವರಿಗೆ ಪಡದಿ ಎಳೀರಿ ಅಂತ ಹೇಳಾಕ ನನಗ ಬಾಯಿ ಬರಂಗಿಲ್ಲ. ನನ್ನ ದೇವರಿಗೆ ಆಕಿ ಎಂದೂ ಹಂಗ ಅಂದಿಲ್ಲ" ಅಂದಳು. ಅದನ್ನೂ ಹಿರಿಯರಿಗೆ ಹೇಳಿದೆ. "ನೋಡೋಣ" ಅಂದರು. ಶುಭ ಶುಕ್ರವಾರದ ಹಿಂದಿನ ಸಂಜೆಗೆ ಬೇರೆ ಯಾರೂ ಮನೆ ಕೊಡಲು ಒಪ್ಪದಿದ್ದಾಗ ಆ ದಿನವನ್ನು ಅಕ್ಕನಿಗೆ ಬಿಟ್ಟುಕೊಟ್ಟರು, ದೊಡ್ಡ ಉಪಕಾರ ಮಾಡಿದವರ ಹಾಗೆ.

ಆ ಗುರುವಾರದ ಪಾಠ ಯಾವುದೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕಡೆಯ ಊಟದ ಹೊತ್ತಿಗೆ ಗುರುವಾದ ಯೇಸು ಎದ್ದು ಶಿಷ್ಯರ ಕಾಲು ತೊಳೆಯುವ ಅಧ್ಯಾಯ.

ಅಕ್ಕನ ಓಣಿಯಲ್ಲಿ ಪೈಪ್ ಹಾಕಲು ರಸ್ತೆ ಅಗೆದಿದ್ದರು. ಕ್ರೂಸರ್ ದೂರದಲ್ಲೇ ನಿಂತಿತು. ಧೂಳು ತುಳಿದುಕೊಂಡು ಮನೆ ಮುಟ್ಟಿದೆವು. ಬಾಗಿಲಲ್ಲಿ ಅಕ್ಕನ ಅತ್ತೆ ಕೊಡದ ತುಂಬ ನೀರು, ತಂಬಿಗೆ ಇಟ್ಟುಕೊಂಡು ನಿಂತಿದ್ದಳು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಮಾತು. "ಬರ್ರಿ, ಕಾಲು ತೊಳ್ಕೋರಿ" ಎನ್ನುತ್ತ ಒಬ್ಬೊಬ್ಬರಿಗೂ ತಾನೇ ನೀರು ಹಾಕಿದಳು. ಎಲ್ಲರೂ ತೊಳೆದುಕೊಂಡು ಒಳಗೆ ಹೋದರು. ಹಿರಿಯರು ಬಾಗಿಲಿಂದ ಇಣುಕಿ, ಪರದೆಯಿಲ್ಲದ ಜಗಲಿ ಕಂಡು, ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡರು.

"ನನಗ ನೀರು ಬ್ಯಾಡ್ರಿ. ನಾ ಇಲ್ಲಿಂದನ ಓದ್ತೇನಿ."

ಹೀಗೆ ನಮ್ಮ ಯೇಸು ಚಪ್ಪಲಿಗಳ ಪಕ್ಕ ಹೊರಗೆ ಕೂತ, ನಾವೆಲ್ಲ ಒಳಗೆ. ನಾನು ಬೇಕೆಂದೇ ದನಿ ಏರಿಸಿ ಓದಿದೆ. ಗುರು ಎದ್ದದ್ದು, ಸೊಂಟಕ್ಕೆ ವಸ್ತ್ರ ಕಟ್ಟಿದ್ದು, ನೀರು ಸುರಿದದ್ದು, ಬಾಗಿದ್ದು. ಕೆಲಸವೆಲ್ಲ ನನ್ನ ಪಾಲಿಗೆ, ಬರೀ ಮಾತು ಅವರ ಪಾಲಿಗೆ. ಕಟ್ಟೆಯಿಂದ ಬರುತ್ತಿದ್ದ ಪಾಕದ ದನಿ ಓಣಿಯ ಗದ್ದಲದಲ್ಲಿ ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ಅಕ್ಕನ ಅತ್ತೆ ಗೋಡೆಗೆ ಒರಗಿ ಮನಸ್ಸಿಟ್ಟು ಕೇಳುತ್ತಿದ್ದಳು. ಅವಳಿಗೆ ಈ ಕಥೆ ಹೊಸದು.

ಪೇತ್ರನ ಪಾಲಿನವರು, ತನ್ನ ಕಾಲು ತೊಳೆಯುವುದೇ ಬೇಡ ಎಂದು ಅವನು ಹಟ ಹಿಡಿಯುವ ಮಾತನ್ನು ಓದಿದರು. ಅಷ್ಟಕ್ಕೆ ಅತ್ತೆ ಎದ್ದಳು.

"ಹೌದಲ್ಲ, ಹೊರಗಿನವರದು ಉಳೀತು" ಎಂದವಳೇ ತಂಬಿಗೆ ತುಂಬಿಕೊಂಡು ಹೊರಗೆ ನಡೆದಳು. ನಮ್ಮ ಓದು ಹೀಗೇ ನಡೆಯುತ್ತದೆ, ಆ ಮಾತಿಗೆ ನೀರು ತರಬೇಕು ಎಂದು ಅವಳು ಅಂದುಕೊಂಡಿದ್ದಳು. ಹಿರಿಯರ ಮುಂದೆ ಬಗ್ಗಿ ಹೇಳಿದಳು, "ಕಾಲು ಮುಂದ ಮಾಡ್ರಿ ಯಪ್ಪಾ."

ಹಿರಿಯರು ಹಾವು ಕಂಡವರಂತೆ ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡರು. "ಬ್ಯಾಡಂದ್ರ ಬ್ಯಾಡ್ರಿ."

ಮುಂದಿನ ಮಾತು ಅವರದೇ ಆಗಿತ್ತು. ತೊಳೆಸಿಕೊಳ್ಳದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂದು ಯೇಸು ಪೇತ್ರನಿಗೆ ಹೇಳುವ ಮಾತು. ತೆರೆದ ಪುಸ್ತಕ ತೊಡೆಯ ಮೇಲಿತ್ತು, ಕಾಲು ಕುರ್ಚಿಯ ಮೇಲಿತ್ತು, ಬಾಯಿ ಮಾತ್ರ ಬರಲಿಲ್ಲ. ನಾವು ಕಾದೆವು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ನನಗೆ ವೇದಪಾಠದಲ್ಲಿ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಆಗ ಅಕ್ಕ ಓದಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, ತನ್ನ ಸತ್ಯವೇದದಿಂದ ಆ ಮಾತನ್ನು ಓದಿದಳು. ಅಧ್ಯಾಯ ಮುಗಿಯುವ ತನಕ ಯೇಸುವಿನ ಮಾತೆಲ್ಲ ಅವಳೇ ಓದಿದಳು. ಯಾರೂ ತಡೆಯಲಿಲ್ಲ. ಭಕ್ತಿಯಿಂದಲ್ಲ, ಒಳಗಿಂದ ಹೋಳಿಗೆಯ ವಾಸನೆ ಬರುತ್ತಿತ್ತು.

ನೀರು ಬೇಡವಾಗಿದ್ದ ಹಿರಿಯರಿಗೆ ಹೋಳಿಗೆ ಬೇಡವಾಗಲಿಲ್ಲ. ಕಟ್ಟೆಗೇ ತಟ್ಟೆ ತರಿಸಿಕೊಂಡು, ತುಪ್ಪ ಇನ್ನಷ್ಟು ಹಾಕಿಸಿಕೊಂಡು ತಿಂದರು. ಬಡಿಸಿದವಳು ಆ ಮುದುಕಿಯೇ. ಅವಳ ಕೈಯ ನೀರು ಮೈಲಿಗೆ, ತುಪ್ಪ ಮಡಿ.

ಈಸ್ಟರ್ ಬೆಳಿಗ್ಗೆ ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಸಿಂದಗಿಗೆ ಬಂದಳು. ಸೊಸೆಗೆ ಇಷ್ಟು ದೊಡ್ಡ ದಿನ ಎಂದು ಅತ್ತೆಯೂ ಜೊತೆಗೆ ಬಂದಿದ್ದಳು. ಚರ್ಚಿನ ಬಾಗಿಲಲ್ಲಿ ನಿಂತು, "ಕಾಲಿಗೆ ನೀರು ಎಲ್ಲೈತವ್ವಾ?" ಎಂದು ಕೇಳಿದಳು. ಇಲ್ಲವೆಂದು ಹೇಳಲು ನನಗೆ ನಾಚಿಕೆಯಾಯಿತು.

ಭೋಜನದ ಹೊತ್ತು ಬಂತು. ಹಿರಿಯರು ಪರ ಊರಿನಿಂದ ಬಂದಿದ್ದ ಪಾಸ್ಟರ ಕಿವಿಯಲ್ಲಿ ಏನೋ ಹೇಳಿ, ನಮ್ಮತ್ತ ತಿರುಗಿದರು. "ಯಾರ ಮನಿಯೊಳಗ ವೇದಪಾಠ ಆಗೇತಿ ಅವರು ಮುಂದ ಬರ್ರಿ." ಅಕ್ಕ ಎದ್ದಳು. ಹಿರಿಯರು ಅವಳನ್ನೇ ನೋಡಿ ಅಂದರು, "ನಿಮ್ಮಲ್ಲಿ ಆಗಿಲ್ರಿ. ನಾ ಹೊರಗ ಇದ್ದೆ."

ತಾವೊಬ್ಬರು ಹೊರಗಿದ್ದರೆ ದೇವರ ಮಾತೂ ಹೊರಗೇ. ಇಂಥವರ ಕೈಯಲ್ಲಿ ನಾವು ರೊಟ್ಟಿಯನ್ನೂ ಸ್ವರ್ಗವನ್ನೂ ಕೊಟ್ಟು ಕೂತಿದ್ದೇವೆ. ಅಂದು ಕಾಲು ತೊಳೆದುಕೊಂಡು ಒಳಗೆ ಬಂದು ಹೋಳಿಗೆ ತಿಂದಿದ್ದವರೆಲ್ಲ ತಲೆ ತಗ್ಗಿಸಿಕೊಂಡು ಸಾಲಾಗಿ ಮುಂದೆ ಹೋದರು. ಅಕ್ಕ ಕೂತಳು. ನಾನು ಏಳಲೇ ಇಲ್ಲ.

ಅತ್ತೆ ಸೊಸೆಯ ಕಡೆ ವಾಲಿದಳು. "ಯಾಕವ್ವಾ, ನೀ ಹೋಗಲಿಲ್ಲ?"

"ನಮ್ಮನ್ನ ಕರದಿಲ್ರಿ ಅತ್ತಿ."

ಮುದುಕಿಗೆ ಅರ್ಥವಾಗಲಿಲ್ಲ. ಮುಂದೆ ರೊಟ್ಟಿ ಹಂಚುತ್ತಿದ್ದವರನ್ನು ಬಹಳ ಹೊತ್ತು ನೋಡಿದಳು.

"ನಾ ಅವರನ್ನ ಕರದಿದ್ದೆನಲ್ಲ" ಅಂದಳು.

ಅಕ್ಕ ಅವಳ ಕೈ ಹಿಡಿದುಕೊಂಡು ಅತ್ತಳು.