ದೊಡ್ಡಮ್ಮನಿಗೆ ಕಂಡವರು

ದೊಡ್ಡಮ್ಮನ ಕಣ್ಣು ಹೋಗತೊಡಗಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಹಾಸನದಲ್ಲಿ ಬಿ.ಎ. ಓದುತ್ತಿದ್ದಾಗ. ಅವಳು ಅಮ್ಮನ ಅಕ್ಕ. ಗಂಡ ತೀರಿಕೊಂಡ ಮೇಲೆ ಪಾಳ್ಯದ ನಮ್ಮ ಮನೆಯಲ್ಲೇ ಇದ್ದು, ಜಗುಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಕಾಫಿ ಎಸ್ಟೇಟಿನ ಲೈನ್ ಮನೆಗಳ ಕೂಲಿ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ಮೊದಮೊದಲು ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆದಳು. ಆಮೇಲೆ ಮಿಷನ್ನಿಗೆ ಬಟ್ಟೆ ಹೊದಿಸಿಬಿಟ್ಟಳು. ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದರು ಡಾಕ್ಟರು.

ಒಂದು ಶನಿವಾರ ಮಧ್ಯಾಹ್ನ ಊರಿಗೆ ಬಂದವಳು ಬ್ಯಾಗು ಇಳಿಸಿ ಜಗುಲಿಯ ಬೆಂಚಿನ ಮೇಲೆ ಕೂರಲು ಹೋದೆ. ದೊಡ್ಡಮ್ಮ ಕೈ ಚಾಚಿ ತಡೆದಳು.

"ಅಲ್ಲಿ ಕೂರಬ್ಯಾಡ ಕಣೇ. ಮೂವರು ಕೂತವ್ರೆ."

ಬೆಂಚಿನ ಮೇಲೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಅವಳು ದನಿ ತಗ್ಗಿಸಿ ಹೇಳಿದಳು. ಎರಡು ತಿಂಗಳಿಂದ ಬರುತ್ತಿದ್ದಾರಂತೆ. ಎಲ್ಲರೂ ಹೆಂಗಸರು. ಮಾತಿಲ್ಲ, ಹೆಜ್ಜೆಯ ಸದ್ದಿಲ್ಲ. ಸೀರೆಯ ಒಂದೊಂದು ಹೂವೂ ಕಾಣುತ್ತದೆ, ಮುಖ ಮಾತ್ರ ಯಾವುದೂ ಗುರುತಿನದಲ್ಲ. ಎದುರು ನಿಂತ ನನ್ನನ್ನು ಬರೀ ನೆರಳಾಗಿ ಕಾಣುತ್ತಿದ್ದವಳಿಗೆ ಅವರ ರವಿಕೆಯ ಹೊಲಿಗೆ ಕೂಡ ಕಾಣುತ್ತಿತ್ತು. ಅಂಥ ತೋಳಿನ ರವಿಕೆಯನ್ನು ತಾನು ಯಾವತ್ತೂ ಕತ್ತರಿಸಿಲ್ಲ ಎಂದಳು.

ಅಮ್ಮನಿಗೆ ಗೊತ್ತಾದ ದಿನ ಮನೆಯೊಳಗೆ ಭಯ ಹೊಕ್ಕಿತು. ಸತ್ತವರು ಅಕ್ಕನನ್ನು ಕರೆಯಲು ಬಂದಿದ್ದಾರೆಂದು ಮಂತ್ರಿಸಿದ ದಾರ ತಂದು ಕಟ್ಟಿದಳು. ದೊಡ್ಡಮ್ಮ ಬೇಡವೆನ್ನಲಿಲ್ಲ. ಹುಚ್ಚು ಹಿಡಿಯಿತೆನ್ನುವುದಕ್ಕಿಂತ ದೆವ್ವವೇ ವಾಸಿ ಅನಿಸಿತ್ತು ಅವಳಿಗೆ.

ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಡಂ ಅವರನ್ನು ಕೇಳಿದೆ. ಕಣ್ಣು ತರುವುದು ಬೆಳಕಿನ ಸುದ್ದಿ ಮಾತ್ರ, ಅದರಿಂದ ಆಕಾರ ಕಟ್ಟಿ ನೋಡುವುದು ಮಿದುಳು ಎಂದು ಅವರು ವಿವರಿಸಿದರು. ಸುದ್ದಿ ನಿಂತುಹೋದರೆ ಕೆಲವರ ಮಿದುಳು ಸುಮ್ಮನಿರದೆ ತಾನೇ ಚಿತ್ರ ಕಟ್ಟಿಕೊಳ್ಳುತ್ತದೆ. ಬುದ್ಧಿ ನೆಟ್ಟಗಿರುವವರಿಗೂ ಹೀಗಾಗುತ್ತದೆ, ಹುಚ್ಚು ಅಂದಾರೆಂದು ಹೆದರಿ ಅವರು ಯಾರಿಗೂ ಹೇಳಿಕೊಳ್ಳುವುದಿಲ್ಲ. ಕಣ್ಣಿನ ಡಾಕ್ಟರೂ ಅದನ್ನೇ ಹೇಳಿದರು.

ನಾನು ಹೇಳಿದ್ದನ್ನೆಲ್ಲ ದೊಡ್ಡಮ್ಮ ಕೇಳಿಸಿಕೊಂಡಳು.

"ಹಂಗಾರೆ ನಂಗೆ ಹುಚ್ಚಲ್ಲ," ಅಂದಳು.

ದಾರ ಬಿಚ್ಚಿಸಿದಳು. ಆದರೂ ಬಾಗಿಲಲ್ಲಿ ಆ ಹೆಂಗಸರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುವುದು ನಿಲ್ಲಲಿಲ್ಲ. ಇಲ್ಲವೆಂದು ಗೊತ್ತಿದ್ದರೂ ಮೈ ಕೇಳುವುದಿಲ್ಲವಂತೆ.

ನನ್ನ ಮೈಯೂ ಕೇಳಲಿಲ್ಲ. ಸಂವೇದನೆ, ಗ್ರಹಿಕೆ ಎಂದು ಪರೀಕ್ಷೆಯಲ್ಲಿ ಮೂರು ಪುಟ ಬರೆದವಳು ಊರಿಗೆ ಬಂದರೆ ಆ ಬೆಂಚಿಗೆ ತಗಲದಂತೆ ಸುತ್ತಿಕೊಂಡು ಓಡಾಡುತ್ತಿದ್ದೆ. ಅಮ್ಮ ಒಗೆದ ಬಟ್ಟೆಯನ್ನು ಅದರ ಮೇಲೆ ಇಡುವುದು ಬಿಟ್ಟಿದ್ದಳು.

ಒಂದೂವರೆ ವರ್ಷ ಕಳೆದಿತ್ತು. ಕಾಫಿ ಹಣ್ಣು ಕೊಯ್ಯುವ ಕಾಲ. ದೊಡ್ಡಮ್ಮ ನನ್ನ ಕೈಯನ್ನು ತಡವಿ ಹಿಡಿದುಕೊಂಡು, ವಾರದಿಂದ ಯಾರೂ ಬಂದಿಲ್ಲ ಎಂದಳು. ಒಳ್ಳೆಯದಾಯಿತಲ್ಲ ಎಂದೆ.

"ಏನು ಒಳ್ಳೇದು ಮಗ. ಈಗ ನಂಗೆ ಏನೂ ಕಾಣಾಕಿಲ್ಲ."

ಅವರು ಮತ್ತೆ ಬರಲಿಲ್ಲ. ದೊಡ್ಡಮ್ಮ ಇನ್ನೂ ಆರು ವರ್ಷ ಬದುಕಿದಳು. ಮನೆಗೆ ಯಾವ ಹೆಂಗಸು ಬಂದರೂ ಉಟ್ಟಿರುವ ಸೀರೆ ಯಾವ ಬಣ್ಣದ್ದೆಂದು ಕೇಳುತ್ತಿದ್ದಳು. ಹೇಳಿದ ಮೇಲೂ ಆ ಕಡೆಗೇ ಮುಖ ಮಾಡಿಕೊಂಡು ಸ್ವಲ್ಪ ಹೊತ್ತು ಕಾಯುತ್ತಿದ್ದಳು.