ಗೇರ್ ನೋಡುತ್ತಿದ್ದ ಚಾಚಾ

ಬ್ರೂಸ್‌ಪೇಟೆಯ ಕಾರ್ ಎಲೆಕ್ಟ್ರಿಷಿಯನ್ ಚಾಚಾ, ಸ್ಟಾರ್ಟ್ ಆಗದ ಗಾಡಿ ಬಂದರೆ ಮೊದಲು ಗೇರ್ ಹಿಡಿದು ಅಲುಗಿಸುತ್ತಿದ್ದರು. "ನ್ಯೂಟ್ರಲ್ ಐತೇನ್ ನೋಡಲೇ, ಗಾಡಿಗಿ ಕಣ್ಣಿರಂಗಿಲ್ಲ," ಎಂದು ಅವರ ಬಳಿ ಕೆಲಸ ಕಲಿಯುತ್ತಿದ್ದ ನನಗೆ ಹೇಳುವರು. ಕೀ ತಿರುಗಿಸಿದಾಗ ಹೆಡ್‌ಲೈಟ್ ಮಂಕಾಗದಿದ್ದರೆ ಬ್ಯಾಟರಿ ಸರಿಯಿದೆಯೆಂದು ತಿಳಿದು, ಸ್ಟಾರ್ಟರ್ ಮೋಟರಿನ ಎರಡು ವೈರ್ ತುದಿಗೆ ಸ್ಪ್ಯಾನರ್ ತಾಗಿಸಿ ಎಂಜಿನ್ ತಿರುಗಿಸುತ್ತಿದ್ದರು.

ಕುರುಗೋಡಿನಲ್ಲಿ ಒಮ್ಮೆ ನಮ್ಮ ಕಾರು ಕೈಕೊಟ್ಟಿತು. ಗೇರ್ ನೋಡದೆ ನಾನೂ ಸ್ಪ್ಯಾನರ್ ತಾಗಿಸಿದೆ. ಗೇರಿನಲ್ಲೇ ಇದ್ದ ಕಾರು ಮುಂದಕ್ಕೆ ಜಿಗಿದು, ಎದುರಿಗಿದ್ದ ತಮ್ಮನ ಕಾಲನ್ನು ಗೋಡೆಗೆ ಒತ್ತಿತು.

ಆಸ್ಪತ್ರೆಯಲ್ಲಿ, ಕಾಲು ಉಳಿಯುತ್ತದೆಂದು ಡಾಕ್ಟರು ಹೇಳಲಿಲ್ಲ. ನಾನು ಅವ್ವನಿಗೆ, "ಚಾಚಾನೇ ಹಿಂಗ ಮಾಡಂದಿದ್ರು," ಎಂದುಬಿಟ್ಟೆ. ಸುದ್ದಿ ತಿಳಿದು ಬಂದ ಚಾಚಾ ಬಾಗಿಲಲ್ಲೇ ನಿಂತು ಅದನ್ನು ಕೇಳಿಸಿಕೊಂಡಿದ್ದರು. ಒಳಗೆ ಬಂದು ತಮ್ಮನ ಪಕ್ಕ ಕೂತು, "ಬೆರಳು ಆಡಸಪಾ, ನೋಡೋಣು," ಎಂದರು. ಹೆಬ್ಬೆರಳು ಅಲುಗಿತು. ಅವರು ಮುಖ ಮುಚ್ಚಿಕೊಂಡು ಅತ್ತರು.

ತಮ್ಮ ಈಗ ನಡೆಯುತ್ತಾನೆ. ಅವ್ವ ಚಾಚಾರನ್ನು ಇನ್ನೂ ಶಪಿಸುತ್ತಾಳೆ. ನಾನು ಅವಳ ಪಕ್ಕದಲ್ಲೇ ಕೂತು ಊಟ ಮಾಡುತ್ತೇನೆ.